ಐದೂರಿಗೆ ನಲವತ್ತೈದು ಕೀಲಿ

ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಹಡಗಲಿ ಎಂದು ಬರೆಯಲು ಐದು ಕೀಲಿ ಸಾಕು: ಎಚ್, ಡಬ್ಲ್ಯೂ, ಜಿ, ಎಲ್, ಐ. ಒತ್ತಕ್ಷರವಿಲ್ಲ, ದೀರ್ಘವಿಲ್ಲ, ಶಿಫ್ಟ್ ಕೀಲಿಯ ಗೊಡವೆಯಿಲ್ಲ. ಮಲ್ಲಿಗೆ ಮೊಗ್ಗು ದಾರಕ್ಕೆ ಬಂದ ಹಾಗೆ ಅಕ್ಷರಗಳು ಒಂದರ ಬೆನ್ನಿಗೊಂದು ಬಂದು ಕೂರುತ್ತವೆ. ಸರ್ಕಾರಿ ಕಾಗದದಲ್ಲಿದ್ದಂತೆ ‘ಹೂವಿನಹಡಗಲಿ’ ಎಂದೇ ಬರೆಯಬೇಕು ಅನ್ನುವವರು ಇನ್ನೈದು ಕೀಲಿ ಒತ್ತಬೇಕು. ಹೂವು ಬೇಕೆಂದರೆ ಅಷ್ಟು ಖರ್ಚು ಇದ್ದದ್ದೇ. ಕೂಡ್ಲಿಗಿಗೆ ಎಂಟು, ಕೊಟ್ಟೂರಿಗೂ ಎಂಟು. ಮೊನ್ನೆ ಮೊನ್ನೆಯವರೆಗೆ ಕೂಡ್ಲಿಗಿ ತಾಲ್ಲೂಕಿನೊಳಗೇ ಇದ್ದು ಬೇರೆ ಒಲೆ ಹೂಡಿದ ಕೊಟ್ಟೂರು ಇಲ್ಲೂ ಸಮಪಾಲು ತೆಗೆದುಕೊಂಡಿದೆ. ಹರಪನಹಳ್ಳಿಗೆ ಒಂಬತ್ತು. ಹಗರಿಬೊಮ್ಮನಹಳ್ಳಿಗೆ ಮಾತ್ರ ಹದಿನೈದು. ಪತ್ರಿಕೆಯವರೂ ಈ ಹೆಸರಿಗೆ ಹೆದರಿ ‘ಹ.ಬೊ.ಹಳ್ಳಿ’ ಎಂದು ಹಾಕಿ ಮುಂದೆ ಹೋಗುತ್ತಾರೆ. ಐದೂ ಸೇರಿದರೆ 45.

ಈ ಲೆಕ್ಕ ನಾನು ಹಾಕಿದ್ದು ಹೊತ್ತು ಹೋಗದೆ ಅಲ್ಲ. ಒಂದು ಇಡೀ ತಿಂಗಳು ಬೆಳಿಗ್ಗೆ ಎದ್ದು ಈ ಐದು ಹೆಸರುಗಳನ್ನು ಹತ್ತತ್ತು ಸಲ ಟೈಪ್ ಮಾಡುವುದೇ ನನ್ನ ಸಂಧ್ಯಾವಂದನೆಯಾಗಿತ್ತು. ಹೆಸರುಗಳನ್ನು ಆರಿಸಲು ಪಂಚಾಂಗ ನೋಡಬೇಕಿರಲಿಲ್ಲ. ನಾನು ಕನ್ನಡದ ಅತಿಥಿ ಉಪನ್ಯಾಸಕ. ಅತಿಥಿ ಎಂದ ಮೇಲೆ ಒಂದೇ ಮನೆಯಲ್ಲಿ ಬಹಳ ದಿನ ಇರುವ ಹಾಗಿಲ್ಲ. ಹದಿನೈದು ವರ್ಷಗಳಲ್ಲಿ ಈ ಐದೂ ಊರುಗಳ ಕಾಲೇಜುಗಳ ಚಹಾ ಕುಡಿದಿದ್ದೇನೆ. ಐದೂ ಊರಿನ ಮಂಡಕ್ಕಿ ಒಗ್ಗರಣೆಯಲ್ಲಿ ಯಾವುದು ಮೇಲು ಎಂದು ಕೇಳಿದರೆ ಹೇಳಬಲ್ಲೆ. ಮುಂದಿನ ವರ್ಷದ ಕೌನ್ಸೆಲಿಂಗಿನಲ್ಲಿ ಯಾವ ಊರು ಸಿಗುತ್ತದೋ ಗೊತ್ತಿಲ್ಲದ್ದರಿಂದ ಹೇಳುವುದಿಲ್ಲ.

2021 ನಮ್ಮ ಕಡೆಗೆ ಎರಡು ಹೊಸ ವಿಳಾಸ ತಂದ ವರ್ಷ. ಆ ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ವಿಜಯನಗರ ಜಿಲ್ಲೆಯ ಉದ್ಘಾಟನೆಯಾಗಿ, ಈ ಐದೂ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ರಾಜ್ಯದ 31ನೇ ಜಿಲ್ಲೆಯಾದವು. ಅದೇ ಹೊತ್ತಿಗೆ ಪದವಿ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ಹೊಸ ಪಠ್ಯಕ್ರಮ ಬಂತು. ಅದರೊಳಗೆ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎನ್ನದೆ ಹೊಸಬರಿಗೆಲ್ಲ ಎರಡು ಕ್ರೆಡಿಟ್ಟಿನ ಒಂದು ವಿಷಯವಿತ್ತು. ಹೆಸರು ‘ಡಿಜಿಟಲ್ ಫ್ಲುಯೆನ್ಸಿ’. ಅದನ್ನು ಯಾರು ಪಾಠ ಮಾಡಬೇಕು ಎಂಬುದು ಪ್ರತಿ ಕಾಲೇಜಿನ ಪಡಸಾಲೆಯ ಪ್ರಶ್ನೆಯಾಯಿತು. ಎಲ್ಲ ಕಡೆ ಕಂಪ್ಯೂಟರ್ ವಿಭಾಗ ಇರುವುದಿಲ್ಲ; ಇದ್ದಲ್ಲಿ ಅವರಿಗೆ ಪುರಸೊತ್ತಿರುವುದಿಲ್ಲ.

ಮರುವರ್ಷ ನಾನಿದ್ದ ಕಾಲೇಜಿನ ಪ್ರಿನ್ಸಿಪಾಲರು ಕರೆದರು. ಆಗಷ್ಟೇ ಸರ್ಕಾರ ನಮ್ಮ ಗೌರವಧನ ಹೆಚ್ಚಿಸಿ, ವಾರಕ್ಕೆ 15 ಗಂಟೆ ಕಾರ್ಯಭಾರ ಎಂದು ಗೊತ್ತು ಮಾಡಿತ್ತು.

“ಮೇಷ್ಟ್ರೇ, ನಿಮಗೆ ಎಷ್ಟು ಗಂಟೆ ಐತೆ?”

“ಹನ್ನೆರಡು ಸಾರ್.”

“ಹದಿನೈದು ಆಗ್ಬೇಕಲ್ಲ?”

“ಆಗ್ಬೇಕು ಸಾರ್.”

“ಡಿಜಿಟಲ್ ಫ್ಲುಯೆನ್ಸಿ ಮೂರು ಗಂಟೆ ಐತೆ. ತಗೊಂಬಿಡ್ರಿ.”

ತಗೊಂಡುಬಿಟ್ಟೆ. ಫ್ಲುಯೆನ್ಸಿ ಎಂದರೆ ನಿರರ್ಗಳತೆ. ಅಲ್ಲಿಯವರೆಗೆ ನನ್ನ ಬಾಯಲ್ಲಿ ನಿರರ್ಗಳವಾಗಿ ಬರುತ್ತಿದ್ದುದು ರನ್ನನ ಗದಾಯುದ್ಧ ಒಂದೇ. ಕಂಪ್ಯೂಟರ್ ವಿಷಯದಲ್ಲಿ ನನ್ನ ನಿರರ್ಗಳತೆ ಏನಿದ್ದರೂ ವಾಟ್ಸ್ಆ್ಯಪ್‌ನಲ್ಲಿ ಬಂದ ಶುಭೋದಯವನ್ನು ಇನ್ನೊಬ್ಬರಿಗೆ ದಾಟಿಸುವಲ್ಲಿ ಮುಗಿಯುತ್ತಿತ್ತು.

ಹಾಗಂತ ಕಂಪ್ಯೂಟರನ್ನು ಕಂಡೇ ಇರಲಿಲ್ಲ ಎಂದಲ್ಲ. ನಮ್ಮ ಕಡೆಯ ರೈತರ ಮಕ್ಕಳು ಅದನ್ನು ಮೊದಲು ಕಂಡದ್ದು ಶಾಲೆಯಲ್ಲಲ್ಲ, ತಾಲ್ಲೂಕು ಕಚೇರಿಯಲ್ಲಿ. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂದು, ಕೈಬರಹದ ಪಹಣಿ ನಿಂತು, 15 ರೂಪಾಯಿ ಕೊಟ್ಟರೆ ಯಂತ್ರದಿಂದ ಹೊರಬರುವ ಪಹಣಿ ಶುರುವಾಯಿತು. ಅಪ್ಪನ ಜೊತೆ ನಾನೂ ಹೋಗಿ ಸಾಲಿನಲ್ಲಿ ನಿಂತಿದ್ದೆ. ಅಪ್ಪ ರಾತ್ರಿ ಶಾಲೆಗೆ ಹೋಗಿ ನಡುವಯಸ್ಸಿನಲ್ಲಿ ಸಹಿ ಹಾಕಲು ಕಲಿತವರು. ಹೆಬ್ಬೆಟ್ಟು ಎಂದರೆ ಅವರಿಗೆ ಬೈಗುಳ. ಅಲ್ಲಿ ನೋಡಿದರೆ ಪ್ಯಾಂಟು ಹಾಕಿದ ನೌಕರ ಕಂಪ್ಯೂಟರ್ ತೆರೆಯುವುದಕ್ಕೆ ಬೆರಳೊತ್ತುತ್ತಿದ್ದ. ಭೂಮಿಯ ವ್ಯವಸ್ಥೆಯೇ ಹಾಗಿತ್ತು, ಯಾರು ದಾಖಲೆ ಮುಟ್ಟಿದರು ಎಂಬುದಕ್ಕೆ ಅಧಿಕಾರಿಗಳ ಬೆರಳ ಗುರುತೇ ಸಾಕ್ಷಿ. ಅಪ್ಪ ನನ್ನ ಕಡೆ ತಿರುಗಿ, “ಇಷ್ಟ್ ಓದಿ ಕಡೀಗೆ ಹೆಬ್ಬೆಟ್ಟೇ?” ಎಂದರು. ಸಹಿ ಕಲಿತ ಮನುಷ್ಯ ಕಿಟಕಿಯ ಈಚೆ, ಬೆರಳೊತ್ತಿದವನು ಆಚೆ. ಆ ಚಿತ್ರ ನನ್ನ ತಲೆಯಿಂದ ಇನ್ನೂ ಅಳಿಸಿಲ್ಲ.

ಆಮೇಲೆ ಒಂದು ಸಲ ಕಲಿಯಲೂ ಹೋಗಿದ್ದೆ. ಒಂದು ಊರಿನ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಮೂರು ತಿಂಗಳ ‘ಬೇಸಿಕ್’. ಮೊದಲ ದಿನವೇ ಮೌಸ್ ಕೈಗೆ ಕೊಟ್ಟು, ಬಾಣವನ್ನು ಪರದೆಯ ಬಲತುದಿಗೆ ಒಯ್ಯಿರಿ ಎಂದರು. ಒಯ್ದೆ. ಬಾಣ ಅರ್ಧ ದಾರಿಯಲ್ಲಿರುವಾಗಲೇ ಮೇಜು ಮುಗಿಯಿತು. ಪಕ್ಕದವಳ ಮೇಜಿನ ಮೇಲೆ ಹಾಯಿಸಿದೆ. ಅದೂ ಮುಗಿಯಿತು. ಮೌಸನ್ನು ಎತ್ತಿ ಮತ್ತೆ ಮೊದಲಿನ ಜಾಗದಲ್ಲಿಟ್ಟು ಎಳೆಯಬಹುದು ಎಂಬ ಪರಮರಹಸ್ಯ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಬಲ್ಲವರಿಗೆ ಅದು ಹೇಳಬೇಕಾದ ಸಂಗತಿ ಅಂತಲೂ ಹೊಳೆಯುವುದಿಲ್ಲ. ಕಲಿಸುವ ಹುಡುಗ ನಕ್ಕ. ಹುಡುಗಿಯೂ ನಕ್ಕಳು. ಎಂ.ಎ. ಮುಗಿಸಿದ ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದವನು ಹದಿಮೂರು ವರ್ಷ ಆ ಮೆಟ್ಟಿಲು ಹತ್ತಲಿಲ್ಲ.

ಅದಕ್ಕೇ ಆನ್‌ಲೈನ್ ಕೋರ್ಸು ಎಂದರೆ ಮೂಗು ಮುರಿಯುವವರ ಜೊತೆ ನಾನು ಸೇರುವುದಿಲ್ಲ. ಪಾಠ ಮಾಡುವ ಮೊದಲು ನಾನೇ ಕಲಿಯಬೇಕಾಗಿತ್ತು. ಮಕ್ಕಳ ಎದುರಿಗೆ ಕಲಿಯಲು ಮುಖವಿಲ್ಲ, ಮಹಡಿ ಹತ್ತಲು ಮನಸ್ಸಿಲ್ಲ. ಕೇಂದ್ರ ಸರ್ಕಾರ 2017ರ ಜುಲೈನಲ್ಲಿ ‘ಸ್ವಯಂ’ ಎಂಬ ವೇದಿಕೆ ತೆರೆದ ಮೇಲೆ ಕಾಲೇಜು ಮಟ್ಟದ ಕೋರ್ಸುಗಳು ಮನೆಗೇ ಬರತೊಡಗಿದ್ದವು. ವಿಡಿಯೊ ಪಾಠ, ಓದುವ ಸಾಮಗ್ರಿ, ನಮಗೆ ನಾವೇ ಹಾಕಿಕೊಳ್ಳುವ ಪರೀಕ್ಷೆ, ಚರ್ಚೆ ಎಂದು ನಾಲ್ಕು ಕಾಲಿನ ಮಂಚ ಅದು. ಕಲಿಯುವುದು ಪುಕ್ಕಟೆ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಅಂಥ ಹಲವು ಬಾಗಿಲುಗಳು ಈಗ ಇವೆ. ನಾನು ಒಂದನ್ನು ಮೆಲ್ಲಗೆ ತಟ್ಟಿ, ಕಂಪ್ಯೂಟರಿನ ಮೂಲಪಾಠದ ಕೋರ್ಸಿಗೆ ಸೇರಿಕೊಂಡೆ. ಅಲ್ಲಿನ ಗುರುವಿಗೆ ನನ್ನ ಮುಖ ಕಾಣುವುದಿಲ್ಲ. ಒಂದೇ ಮಾತನ್ನು ಹದಿನೇಳು ಸಲ ಹೇಳಿಸಿದರೂ ಅವರ ದನಿ ಏರುವುದಿಲ್ಲ. ನಗಬೇಕೆಂದರೂ ನಗುವ ಹಾಗಿಲ್ಲ, ಎಂದೋ ನಕ್ಕು ಮುಗಿಸಿ ವಿಡಿಯೊ ಮಾಡಿದವರು. ದಡ್ಡನಾಗಿರಲು ಮನುಷ್ಯನಿಗೆ ಒಂದು ಮರೆ ಬೇಕು. ನನ್ನ ಪಾಲಿಗೆ ಅದು ಸಿಕ್ಕಿದ್ದು ಅಲ್ಲಿ.

ಒಳಗೆ ಹೋಗುವುದೇ ಒಂದು ಪ್ರಹಸನ. ಪಾಸ್‌ವರ್ಡಿನಲ್ಲಿ ಒಂದಾದರೂ ದೊಡ್ಡಕ್ಷರ ಇರಬೇಕಂತೆ. ಕನ್ನಡದ ಅಕ್ಷರ ಊರ ಹೆಸರಿನ ಮುಂದೆ ಕೂತರೂ ಅಷ್ಟೇ, ಉಪ್ಪಿನಕಾಯಿಯ ಕೊನೆಯಲ್ಲಿ ಕೂತರೂ ಅಷ್ಟೇ. ನಮ್ಮ ಲಿಪಿಯಲ್ಲಿ ಒಡೆಯ ಆಳು ಇಲ್ಲ. ಅದು ದಾಟಿದರೆ, ನೀನು ಯಂತ್ರವಲ್ಲ ಎಂದು ರುಜುವಾತು ಮಾಡು ಅನ್ನುವ ಚೌಕದ ಚಿತ್ರಗಳು. ಟ್ರಾಫಿಕ್ ಸಿಗ್ನಲ್ ಇರುವುದನ್ನೆಲ್ಲ ಒತ್ತು. ನನ್ನ ತರಗತಿಯ ಎಷ್ಟೋ ಮಕ್ಕಳು ಸಿಗ್ನಲ್ ದೀಪ ಕಂಡದ್ದು ಹೊಸಪೇಟೆಗೋ ದಾವಣಗೆರೆಗೋ ಹೋದಾಗ. ಇನ್ನೊಂದರಲ್ಲಿ ‘ಫೈರ್ ಹೈಡ್ರಂಟ್’. ಅಮೆರಿಕದ ಬೀದಿಯಲ್ಲಿ ಬೆಂಕಿ ಆರಿಸಲು ನೀರು ಕೊಡುವ ಕೆಂಪು ಗೂಟ ಅದು ಎಂದು ನಾನು ತಿಳಿದದ್ದು ಆಮೇಲೆ. ಆ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಹಿಂದಿನ ಬೆಂಚಿನವನು ತಕ್ಷಣ ಹೇಳಿದ: “ನಮ್ಮೂರ ವಾಟರ್‌ಮನ್ ತಿರುವೋ ವಾಲು ಸಾರ್ ಅದು.” ಯಂತ್ರ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ರುಜುವಾತು ಬೇಕೇ?

ನನ್ನ ಕಾಲೇಜಿಗೂ ಮನೆಗೂ ನಡುವೆ ಆ ವರ್ಷ ರೈಲಿತ್ತು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ದಾಟಿ ಹರಿಹರ ಸೇರುವ ಮಾರ್ಗ. ಜೋಳ, ಮೆಕ್ಕೆಜೋಳ, ಈರುಳ್ಳಿ ಹೊಲಗಳ ನಡುವೆ ಗಾಡಿ ಅವಸರವಿಲ್ಲದೆ ಹೋಗುತ್ತದೆ. ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಠ ಕೇಳುತ್ತಿದ್ದೆ. ಎರಡು ನಿಲ್ದಾಣಗಳ ನಡುವೆ ನೆಟ್‌ವರ್ಕ್ ಕೈಕೊಟ್ಟಾಗ ಗುರುಗಳು ಬಾಯಿ ತೆರೆದವರು ತೆರೆದ ಹಾಗೇ ನಿಲ್ಲುತ್ತಿದ್ದರು. ಒಂದು ದಿನ ‘ಆಪರೇಟಿಂಗ್ ಸಿಸ್ಟಮ್ ಎಂದರೆ’ ಎಂದು ಮಾಲವಿಯ ಹತ್ತಿರ ನಿಂತವರು ಉತ್ತರ ಹೇಳಿದ್ದು ಕೊಟ್ಟೂರು ಸ್ಟೇಷನ್ನಿನಲ್ಲಿ. ಎದುರಿಗೆ ಕೂತಿದ್ದ ಶೇಂಗಾ ಚೀಲದ ಅಜ್ಜ, “ಯಾಕಪ್ಪಾ, ಮಾತು ಮರೆತರೇನು ಅವರು?” ಎಂದು ಕೇಳಿದ.

ಆದರೆ ಆನ್‌ಲೈನ್ ಗುರುವಿಗೆ ಆಗದ ಒಂದು ಕೆಲಸವಿತ್ತು. ನಮ್ಮ ಕಾಲದಲ್ಲಿ ಸ್ಲೇಟಿನ ಮೇಲೆ ಮೇಷ್ಟ್ರು ದೊಡ್ಡದಾಗಿ ಅ ಬರೆದುಕೊಡುತ್ತಿದ್ದರು. ಅದರ ಮೇಲೆ ನಾವು ಬಳಪದಿಂದ ತಿದ್ದಿ ತಿದ್ದಿ ಹಂದಿಮರಿಯಷ್ಟು ದಪ್ಪ ಮಾಡುತ್ತಿದ್ದೆವು. ಕೈ ದಾರಿ ತಪ್ಪಿದರೆ ಮೇಷ್ಟ್ರು ನಮ್ಮ ಕೈಯ ಮೇಲೆ ತಮ್ಮ ಕೈ ಇಟ್ಟು ಎಳೆಯುತ್ತಿದ್ದರು. ತಿದ್ದುವುದು ಎಂದರೆ ಕನ್ನಡದಲ್ಲಿ ಕಲಿಯುವುದೂ ಹೌದು, ತಪ್ಪು ಸರಿಮಾಡುವುದೂ ಹೌದು. ಒಂದೇ ಮಾತಿನಲ್ಲಿ ಎರಡನ್ನೂ ಇಟ್ಟವರು ಜಾಣರು. ವಿಡಿಯೊದ ಗುರು ತೋರಿಸಬಲ್ಲರು, ತಿದ್ದಿಸಲಾರರು. ನನಗೆ ಡಬಲ್ ಕ್ಲಿಕ್ ಹತ್ತಲೇ ಇಲ್ಲ. ಮೊದಲ ಕ್ಲಿಕ್ಕಿಗೂ ಎರಡನೆಯದಕ್ಕೂ ನಡುವೆ ನನ್ನ ಬೆರಳು ಒಂದು ದೀರ್ಘಾಲೋಚನೆ ಮಾಡುತ್ತಿತ್ತು, ಅಷ್ಟರಲ್ಲಿ ಬಾಣ ಬೇರೆ ಕಡೆ ಜಾರುತ್ತಿತ್ತು. ಪ್ರಯೋಗಾಲಯದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಒದ್ದಾಡುತ್ತಿದ್ದಾಗ ಬಿ.ಕಾಂ. ಹುಡುಗನೊಬ್ಬ ಬಂದ. ಎರಡು ನಿಮಿಷ ನೋಡಿದ. “ತಪ್ಪು ತಿಳೀಬ್ಯಾಡ್ರಿ ಸಾರ್” ಎಂದವನೇ ನನ್ನ ಕೈಯ ಮೇಲೆ ಕೈ ಇಟ್ಟ. “ಭಜನ್ಯಾಗೆ ತಾಳ ಹಾಕ್ತೀರಲ್ಲ, ಹಂಗ. ಟಕಟಕ.” ಫೈಲು ತೆರೆಯಿತು. ಅವನ ಅಂಗೈ ಒರಟಾಗಿತ್ತು, ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದನಂತೆ. ನಲವತ್ತು ವರ್ಷದ ಮೇಲೆ ಮತ್ತೆ ಒಬ್ಬರು ನನ್ನ ಕೈ ಹಿಡಿದು ತಿದ್ದಿಸಿದ್ದು ಅಂದೇ. ಅವನು ನಗಲಿಲ್ಲ.

ಇನ್ನು ಪಠ್ಯಕ್ರಮ. ಅದನ್ನು ಮೊದಲ ಸಲ ಓದಿದಾಗ ನನಗೆ ಅನ್ನಿಸಿದ್ದು, ಇದನ್ನು ಬರೆದವರು ಮನೆಯನ್ನು ಮಾಳಿಗೆಯಿಂದ ಕೆಳಕ್ಕೆ ಕಟ್ಟುವವರು ಎಂದು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ವಸ್ತುಗಳ ಅಂತರ್ಜಾಲ, ಕ್ಲೌಡ್. ಅದಾದ ಮೇಲೆ ಸಂವಹನ, ವಿಮರ್ಶಾತ್ಮಕ ಚಿಂತನೆ, ತಂಡವಾಗಿ ದುಡಿಯುವುದು. ಯಾವುದೂ ಬೇಡದ್ದಲ್ಲ. ಆದರೆ ಮೊದಲ ದಿನ ನಾನು, “ಕೀಲಿಮಣೆಯ ಮೇಲೆ ಕೈ ಇಟ್ಟವರು ಯಾರು?” ಎಂದು ಕೇಳಿದಾಗ ಎದ್ದದ್ದು ಬೆರಳೆಣಿಕೆಯ ಕೈಗಳು. ನನ್ನದನ್ನು ಎತ್ತಬೇಕೋ ಬೇಡವೋ ಎಂದು ನನಗೇ ಅನುಮಾನವಾಯಿತು. ಫೋನು ಎಲ್ಲರ ಕೈಯಲ್ಲಿತ್ತು. 2021ರಲ್ಲಿ ಸರ್ಕಾರ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಿತ್ತು, ಅಕ್ಕನದೋ ಅಣ್ಣನದೋ ಮನೆಯಲ್ಲಿ ಇತ್ತು. ಇವರದು ತಟ್ಟುವ ತಲೆಮಾರು. ರೊಟ್ಟಿಯಂತೆಯೇ ಗಾಜನ್ನೂ ತಟ್ಟಬಲ್ಲರು, ಕೀಲಿ ಒತ್ತಿ ಗೊತ್ತಿಲ್ಲ. ‘ಕ್ಲೌಡ್ ಎಂದರೇನು’ ಎಂಬುದಕ್ಕೆ ನಾಲ್ಕರಲ್ಲಿ ಸರಿಯುತ್ತರ ಗುರುತಿಸಿ ಪೂರ್ಣಾಂಕ ಪಡೆದ ಹುಡುಗಿಯೊಬ್ಬಳು ಕಂಪ್ಯೂಟರ್ ಆರಿಸುವುದು ಹೇಗೆಂದು ತಿಳಿಯದೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದ್ದನ್ನು ನಾನೇ ಕಂಡಿದ್ದೇನೆ. ‘ಸ್ವಯಂ’ ಬಂದ 2017ರಲ್ಲೇ ಕೇಂದ್ರ ಸರ್ಕಾರ 6 ಕೋಟಿ ಹಳ್ಳಿಯವರಿಗೆ, ಮನೆಗೊಬ್ಬರಂತೆ, 20 ಗಂಟೆಯ ಡಿಜಿಟಲ್ ಸಾಕ್ಷರತೆಯ ಯೋಜನೆ ಹಾಕಿಕೊಂಡಿತ್ತು. ಆ 20 ಗಂಟೆಯೇ ನಮಗೆ ಮೊದಲು ಬೇಕಾಗಿದ್ದದ್ದು. ಕಾಲೇಜಿನ ಪಠ್ಯ ಅದೆಲ್ಲ ಬಂದಾಗಿದೆ ಎಂದು ನಂಬಿ ಹೊರಟಿತ್ತು.

ಹಾಗಾಗಿ ನಾನು ಒಂದು ಕಳ್ಳ ಕೆಲಸ ಮಾಡಿದೆ. ವಾರದ ಮೂರು ಗಂಟೆಯಲ್ಲಿ ಒಂದನ್ನು ಪಠ್ಯಕ್ಕೆ ಕೊಟ್ಟು ಎರಡನ್ನು ಕದ್ದೆ. ಕದ್ದ ಗಂಟೆಯ ಮೊದಲ ಪಾಠ: ನಿಮ್ಮ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ.

ಇಲ್ಲಿ ನನ್ನ ಹಳಗನ್ನಡ ಕೈ ಹಿಡಿಯಿತು. ನುಡಿಯ ಕೀಲಿಮಣೆಯ ಹಿಂದಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಇಂಗ್ಲಿಷಿನ 26 ಕೀಲಿಗಳೊಳಗೆ ಅವರು ಇಡೀ ವರ್ಣಮಾಲೆಯನ್ನು ಕೂರಿಸಿದ ಬಗೆ ನೋಡಿದರೆ ಎದ್ದು ಕೈ ಮುಗಿಯಬೇಕು. ಕೆ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಗ ಹಾಗೇ ಘ ಆಗುತ್ತದೆ, ಇ ಈ ಆಗುತ್ತದೆ, ನ ಣ ಆಗುತ್ತದೆ, ಲ ಳ ಆಗುತ್ತದೆ. ಶಿಫ್ಟ್ ಎಂದರೆ ಏನೆಂದು ವಿಡಿಯೊ ಗುರುಗಳು ಮೂರು ಪಾಠದಲ್ಲಿ ಹೇಳಿಯೂ ಹತ್ತದ್ದು ನನಗೆ ಒಂದೇ ಕ್ಷಣದಲ್ಲಿ ಹತ್ತಿತು. ಅದು ಅಕ್ಷರಕ್ಕೆ ಉಸಿರು ತುಂಬುವ ಕೀಲಿ! ಅಲ್ಪಪ್ರಾಣ ಮಹಾಪ್ರಾಣ, ಹ್ರಸ್ವ ದೀರ್ಘ. ಇದು ಬರೀ ಪ್ಲಾಸ್ಟಿಕ್ ಹಲಗೆಯಲ್ಲ, ಕೇಶಿರಾಜನ ಶಬ್ದಮಣಿದರ್ಪಣ. ಇನ್ನು ಒತ್ತಕ್ಷರ. ಬೊಮ್ಮನ ಮ್ಮ ಬರೆಯಬೇಕೆಂದರೆ ಎಂ ಒತ್ತಿ ಮ ತಂದುಕೊಳ್ಳಬೇಕು, ಎಫ್ ಒತ್ತಿ ಅದರೊಳಗಿನ ಅಕಾರವನ್ನು ಕಳಚಬೇಕು, ಮತ್ತೆ ಎಂ ಒತ್ತಿದರೆ ಎರಡನೆಯ ಮ ತಾನಾಗಿ ಕೆಳಗಿಳಿದು ಮೊದಲನೆಯದರ ಕಾಲ ಬಳಿ ಕೂರುತ್ತದೆ. ವ್ಯಂಜನ ಅಂದರೆ ಸ್ವರವಿಲ್ಲದೆ ನಿಲ್ಲಲಾರದ್ದು ಎಂದು ಹದಿನೈದು ವರ್ಷ ಕಪ್ಪು ಹಲಗೆಯ ಮುಂದೆ ಹೇಳಿದ್ದೆ, ನಂಬಿದವರಿರಲಿಲ್ಲ. ಎಫ್ ಒತ್ತಿದ ಕೂಡಲೇ ಮ ಹೋಗಿ ಮ್ ಆಗಿ ತಲೆಯ ಮೇಲೆ ಕೊಕ್ಕೆ ಏರಿದ್ದನ್ನು ಕಂಡಾಗ ಇಡೀ ತರಗತಿ ‘ಓ’ ಎಂದಿತು. ನನ್ನ ವೃತ್ತಿಯಲ್ಲಿ ವ್ಯಾಕರಣಕ್ಕೆ ಬಂದ ಮೊದಲ ಮತ್ತು ಕೊನೆಯ ‘ಓ’ ಅದು.

ಉಜ್ಜಿನಿಯವನು ಉಜ್ಜಿನಿ ಬರೆದ, ಗುಡೇಕೋಟೆಯವನು ಗುಡೇಕೋಟೆ, ಚಿಗಟೇರಿಯವಳು ಚಿಗಟೇರಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಿಂದ ಬರುತ್ತಿದ್ದವಳು ಒಂಬತ್ತು ಕೀಲಿ ಒತ್ತಿ ಮುಗಿಸಿ, ಅಕ್ಷರವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ, ಫೋನಿನಲ್ಲಿ ಫೋಟೊ ಹೊಡೆದು ಅಮ್ಮನಿಗೆ ಕಳಿಸಿದಳು. ಹಕ್ಕಿಗಳ ಕೆರೆಯಿಂದಾಗಿ ಅವರ ಊರ ಹೆಸರು 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿ ಲೋಕಕ್ಕೆಲ್ಲ ಗೊತ್ತಾಯಿತು. ಕಂಪ್ಯೂಟರಿನ ಮೇಲೆ ಅದನ್ನು ಅವಳು ಅದಕ್ಕೂ ಮೊದಲೇ ಬರೆದಿದ್ದಳು.

ಮುಂದಿನ ಪಾಠಗಳೂ ಊರುಗಳಿಂದಲೇ ಬಂದವು. ಕೊಟ್ಟೂರೇಶ್ವರನ ಸೀಮೆಯಲ್ಲಿ ಯಾವ ತರಗತಿಗೆ ಹೋದರೂ ಮೂವರಾದರೂ ಕೊಟ್ರೇಶರಿರುತ್ತಾರೆ. ಒಂದೇ ಕಂಪ್ಯೂಟರಿನಲ್ಲಿ ಸರದಿಯ ಮೇಲೆ ಮೂವರೂ ತಂತಮ್ಮ ಕೆಲಸ ಮಾಡಿ ‘ಕೊಟ್ರೇಶ್’ ಎಂದು ಹೆಸರಿಟ್ಟು ಉಳಿಸಿದರು. ಎರಡನೆಯವನಿಗೆ ಯಂತ್ರ ಕೇಳಿತು: ಈ ಹೆಸರಿನ ಫೈಲ್ ಈಗಾಗಲೇ ಇದೆ, ಬದಲಿಸಲೇ? ಸಭ್ಯ ಹುಡುಗ, ದೊಡ್ಡವರು ಕೇಳಿದರೆ ಇಲ್ಲ ಅನ್ನಬಾರದೆಂದು ಹೌದು ಅಂದ. ಮೂರನೆಯವನೂ ಅಷ್ಟೇ ಸಭ್ಯ. ಮೊದಲ ಇಬ್ಬರು ಕೊಟ್ರೇಶರು ಹೇಳಹೆಸರಿಲ್ಲದೆ ಹೋದರು. ಜಗಳ ನನ್ನ ಬಳಿ ಬಂತು. “ನಿಮ್ಮ ಮೂವರಿಗೂ ಪತ್ರ ಬಂದರೆ ಪೋಸ್ಟ್‌ಮನ್ ಹೇಗೆ ಕೊಡ್ತಾನಪ್ಪಾ?” ಎಂದೆ. “ಊರು ನೋಡ್ತಾನೆ ಸಾರ್.” ಫೋಲ್ಡರ್ ಎಂದರೆ ಅದೇ. ಜಿಲ್ಲೆಯ ಒಳಗೆ ತಾಲ್ಲೂಕು, ತಾಲ್ಲೂಕಿನ ಒಳಗೆ ಊರು, ಊರೊಳಗೆ ಕೊಟ್ರೇಶ. ಬೇರೆ ಬೇರೆ ಊರಿನಲ್ಲಿ ಎಷ್ಟು ಕೊಟ್ರೇಶರಾದರೂ ಬಾಳಬಹುದು, ಒಂದೇ ಊರಲ್ಲಿದ್ದರೆ ಅಪ್ಪನ ಹೆಸರು ಸೇರಿಸಬೇಕು. ಆಮೇಲೆ ಆ ತರಗತಿಯಲ್ಲಿ ಯಾರ ಫೈಲೂ ಕಳೆಯಲಿಲ್ಲ.

ಹರಪನಹಳ್ಳಿಯವರಿಗಂತೂ ಕಟ್-ಪೇಸ್ಟ್ ಹೇಳಿಕೊಡಬೇಕಾಗಿಯೇ ಇಲ್ಲ. ಅವರ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ಕಟ್ ಮಾಡಿ ಹೊಸ ದಾವಣಗೆರೆ ಜಿಲ್ಲೆಗೆ ಅಂಟಿಸಿದರು. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಕೈತಪ್ಪಿತೆಂದು ಜನ ಹೋರಾಡಿದ ಮೇಲೆ 2018ರಲ್ಲಿ ‘ಅನ್‌ಡೂ’ ಒತ್ತಿ ಬಳ್ಳಾರಿಗೆ ತಂದರು. ಮೂರು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಕಟ್, ವಿಜಯನಗರದಲ್ಲಿ ಪೇಸ್ಟ್. “ಇಷ್ಟೆಲ್ಲ ಆದರೂ ಊರು ಇದ್ದಲ್ಲೇ ಐತಲ್ಲ ಸಾರ್?” ಎಂದು ಒಬ್ಬಳು ಕೇಳಿದಳು. ಹಾಗೆ ನೋಡಿದರೆ ಒಂದೇ ಡಿಸ್ಕಿನೊಳಗೆ ಫೈಲನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಒಯ್ದಾಗಲೂ ಫೈಲು ಇದ್ದ ಜಾಗದಿಂದ ಕದಲುವುದಿಲ್ಲ, ವಿಳಾಸದ ಪಟ್ಟಿ ಮಾತ್ರ ಬದಲಾಗುತ್ತದೆ. ಇದನ್ನು ನಾನು ಕೋರ್ಸಿನ ಐದನೇ ವಾರದಲ್ಲಿ ಕಲಿತಿದ್ದೆ. ಅವಳು ಹುಟ್ಟಿದ ಊರಿನಿಂದಲೇ ಕಲಿತು ಬಂದಿದ್ದಳು.

ಎರರ್ ಮೆಸೇಜಿಗೆ ಹೆದರುವವರಿಗೆ ಮೈಲಾರವನ್ನು ತೋರಿಸಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲೇರಿ, ‘ಸದ್ದಲೇ’ ಎಂದು ಲಕ್ಷ ಜನರ ಬಾಯಿ ಮುಚ್ಚಿಸಿ, ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾನೆ. ಅದು ಕಾರ್ಣಿಕ. ಮಳೆಯ ಮಾತೋ, ಬೆಳೆಯ ಮಾತೋ, ರಾಜಕೀಯದ್ದೋ ಎಂದು ಇಡೀ ನಾಡು ವರ್ಷವೆಲ್ಲ ಅರ್ಥ ಹಚ್ಚುತ್ತದೆ. ಯಂತ್ರದ ಎರರ್ ಕೂಡ ಅಂಥದೇ. ಒಂದು ಸಾಲು ನುಡಿದು ಕೆಳಗೆ ಬೀಳುತ್ತದೆ. ಹೆದರಿ ಓಡಬಾರದು, ಪೂರ್ತಿ ಓದಬೇಕು, ನಾಲ್ಕು ಜನ ಕೂತು ಅರ್ಥ ಮಾಡಬೇಕು. ಒಂದು ವ್ಯತ್ಯಾಸವೆಂದರೆ ಕಾರ್ಣಿಕ ಕನ್ನಡದಲ್ಲಿರುತ್ತದೆ.

ಎಕ್ಸೆಲ್ ಕಲಿಸುವಾಗ ಮಾತ್ರ ನಾನು ಸೋತೆ. ಹಡಗಲಿ ಕಡೆಯ ಹುಡುಗಿಯೊಬ್ಬಳಿಗೆ ಮಲ್ಲಿಗೆಯ ಲೆಕ್ಕ ಹಾಕು ಎಂದೆ. ಭೌಗೋಳಿಕ ಸೂಚಿಕೆ ಸಿಕ್ಕ ಮಲ್ಲಿಗೆ, ಪಟ್ಟಿಗೆ ಶೋಭೆ. ಅವಳು ಕಂಬಸಾಲು ಚೆನ್ನಾಗಿ ಹಾಕಿದಳು, ಮೊತ್ತದ ಸೂತ್ರ ಬರೆದಳು, ಆಮೇಲೆ ನಿಂತಳು. “ಸಾರ್, ಬೆಳಿಗ್ಗೆ ಮೊಗ್ಗಿಗೆ ಒಂದು ರೇಟು, ಮಧ್ಯಾಹ್ನ ಅರಳಿದ ಮ್ಯಾಲೆ ಒಂದು ರೇಟು. ಯಾವುದು ಹಾಕ್ಲಿ?” ಆ ಕಂಬಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯಲಿಲ್ಲ. ಅವಳೇ ‘ವೇಳೆ’ ಎಂದು ಇನ್ನೊಂದು ಕಂಬ ಸೇರಿಸಿದಳು. ನನಗಿಂತ ಮುಂದೆ ಹೋದಳು ಎಂದು ಅಲ್ಲಿಗೆ ಕೈಬಿಟ್ಟೆ.

ನಾನು ಕಲಿತ ಪಾಠಗಳಲ್ಲಿ ಅತಿ ದುಬಾರಿಯಾದದ್ದು ಒಂದಿದೆ. ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಜೀವನದಲ್ಲಿ ಮೊದಲ ಸಲ ನಾನೇ ಟೈಪ್ ಮಾಡುತ್ತಿದ್ದೆ. ಮೂರು ಗಂಟೆಯ ದುಡಿಮೆ, ಕೊನೆಯ ಪ್ರಶ್ನೆಯ ಕೊನೆಯ ಪದ. ಕರೆಂಟು ಹೋಯಿತು. ಬಂದಾಗ ಪರದೆ ಬೋಳು ಹಣೆಯಂತಿತ್ತು. ಬಾಗಿಲಲ್ಲಿ ನಿಂತಿದ್ದ ಅದೇ ಗಾರೆ ಕೆಲಸದ ಹುಡುಗ, “ಸೇವ್ ಮಾಡಿದ್ದಿಲ್ಲೇನ್ ಸಾರ್?” ಎಂದ. ಎಲ್ಲವನ್ನೂ ಮತ್ತೆ ಹೊಡೆದು, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಝೆರಾಕ್ಸ್ ಅಂಗಡಿಗೆ ಹೋದರೆ ಅಲ್ಲಿ ನುಡಿಯ ಹಳೆಯ ಅಕ್ಷರವಿನ್ಯಾಸ ಇರಲಿಲ್ಲ. ನಾನು ಯೂನಿಕೋಡಿನಲ್ಲಿ ಬರೆಯಬೇಕಿತ್ತು, ಬರೆದಿರಲಿಲ್ಲ. ಪಂಪನ ಮೇಲಿನ ಹತ್ತು ಅಂಕದ ಪ್ರಶ್ನೆ ತಲೆಯ ಮೇಲೆ ಟೋಪಿ ಹಾಕಿದ ಯಾವುದೋ ಯುರೋಪಿನ ಅಕ್ಷರಗಳಲ್ಲಿ ಮೂಡಿತು. ಅಂಗಡಿಯವನು ಗಂಭೀರವಾಗಿ, “ಇದು ಸಂಸ್ಕೃತವೇನ್ರಿ?” ಎಂದು ಕೇಳಿದ. ಈ ಕಥೆ ಹೇಗೋ ಮನೆ ತಲುಪಿತು. ಈಗ ಸಂತೆಯಿಂದ ಕೊತ್ತಂಬರಿ ಮರೆತು ಬಂದರೂ ಹೆಂಡತಿ ಅಡುಗೆಮನೆಯಿಂದ ಕೇಳುತ್ತಾಳೆ: “ಸೇವ್ ಮಾಡಿದ್ದಿಲ್ಲೇನು?”

ಸರ್ಕಾರಿ ಕಚೇರಿಯ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ ಅವನು ನಗಲಿಲ್ಲ. 2012ರ ನಿಯಮ ಬಂದಾಗಿನಿಂದ ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ, ಅದರಲ್ಲಿ ನುಡಿಯೂ ಇದೆ. ಇಪ್ಪತ್ತು ವರ್ಷ ಕಡತ ಬರೆದ ಕೈ ಪರೀಕ್ಷಾ ಕೊಠಡಿಯಲ್ಲಿ ನಡುಗಿತಂತೆ. ಅವನಿಗೂ ಆನ್‌ಲೈನ್ ಕೋರ್ಸಿನ ದಾರಿ ತೋರಿಸಿದೆ. ರಾತ್ರಿ ಹೆಂಡತಿ ಮಕ್ಕಳು ಮಲಗಿದ ಮೇಲೆ ಕಲಿಯುತ್ತಾನೆ. ಹಗಲು ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ನನ್ನ ಕೋರ್ಸು ಮುಗಿಯಿತು. ಪಾಸಾದೆ, ಅಂಕ ಕೇಳಬಾರದು. ಪ್ರಮಾಣಪತ್ರದ ಪ್ರಿಂಟು ತೆಗೆಸಲು ಹೋದಾಗ ಅದೇ ಅಂಗಡಿಯವನು, “ಪಿಡಿಎಫ್ ಐತಲ್ಲ ಸಾರ್, ಫೋನಾಗೇ ಇಟ್ಕಳ್ರಿ” ಎಂದ. ಗೋಡೆಗೆ ಹಾಕಬೇಕಪ್ಪಾ ಎಂದೆ. ಅಪ್ಪನ ಫೋಟೊದ ಪಕ್ಕ ಮೊಳೆ ಖಾಲಿಯಿತ್ತು.

2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಪಠ್ಯಕ್ರಮ ಬದಲಾಯಿತು, ವೇಳಾಪಟ್ಟಿ ಬದಲಾಯಿತು, ನನ್ನ ಊರೂ ಬದಲಾಯಿತು. ಈಗ ನನ್ನ ಪಾಲಿಗೆ ಇರುವುದು ಕನ್ನಡದ ಗಂಟೆಗಳು ಮಾತ್ರ. ಆದರೂ ವ್ಯಾಕರಣದ ಪಾಠ ಬಂದ ದಿನ ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಎಫ್ ಕೀಲಿ ಒತ್ತಿಸುತ್ತೇನೆ. ಹೊಸದಾಗಿ ಪಠ್ಯ ಬರೆಯುವ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಮೇಲಿನ ಮಾಳಿಗೆ ಎಷ್ಟು ಬೇಕಾದರೂ ಎತ್ತರಿಸಿ, ಮೊದಲನೆಯ ಘಟಕದಲ್ಲಿ ಮಗು ತನ್ನ ಊರ ಹೆಸರು ಬರೆದು, ಉಳಿಸಿ, ಮರುದಿನ ಬಂದು ತೆರೆಯುವಷ್ಟು ಜಾಗ ಬಿಡಿ.

ಹಗರಿಬೊಮ್ಮನಹಳ್ಳಿ ನನಗೆ ಇನ್ನೂ ಒಂದೇ ಉಸಿರಿಗೆ ಬರುವುದಿಲ್ಲ, ಬೊಮ್ಮನ ಹೊಸ್ತಿಲಲ್ಲಿ ಬೆರಳು ಎಡವುತ್ತದೆ. ಹಾಗಿದ್ದೂ ಈ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಟೈಪ್ ಮಾಡಿದ್ದೇನೆ, ಯೂನಿಕೋಡಿನಲ್ಲಿ. ನಡುವೆ ಎರಡು ಸಲ ಕರೆಂಟು ಹೋಯಿತು. ಸೇವ್ ಮಾಡಿದ್ದೆ.